ಎಂಜಿನ್‌ಗೆ ಯಾವ ಹಸಿರು

"ಇದೂ ಅಲ್ಲ ಅನ್ಸುತ್ತೆ," ಎಂದು ಹಳೇ ಕಾರಿನ ಯಜಮಾನರು ನಾಲ್ಕನೇ ಬಣ್ಣದ ಡಬ್ಬಿಯನ್ನೂ ಪಕ್ಕಕ್ಕೆ ಸರಿಸಿದಾಗ ಮೆಕ್ಯಾನಿಕ್‌ಗೆ ತಲೆ ಚಿಟ್ಟು ಹಿಡಿಯಿತು. ಎಂಜಿನ್ ಉಜ್ಜಿ, ತೊಳೆದು, ಒಣಗಿಸಿ ವಾರವಾಗಿತ್ತು. ಇವರು ಮಾತ್ರ ದಿನಕ್ಕೊಬ್ಬರನ್ನು ಕೇಳಿಕೊಂಡು ಬಂದು ದಿನಕ್ಕೊಂದು ಹಸಿರು ಹೇಳುತ್ತಿದ್ದರು.

"ಕಂಡೋರ ಮಾತು ಸಾಕು ಸಾರ್. ಬೋಲ್ಟಿನಡಿ ಹಳೇ ಬಣ್ಣ ಇನ್ನೂ ಇದೆ. ಅದಕ್ಕೆ ಯಾವುದು ಹೊಂದುತ್ತೆ, ನೀವೇ ನೋಡಿ ಹೇಳಿ," ಎಂದು ಆತ ಬ್ರಷ್ಷನ್ನು ಅವರ ಕೈಗೆ ತುರುಕಿದ.

ಯಜಮಾನರು ಡಬ್ಬಿಗಳನ್ನೇ ನೋಡುತ್ತ ನಿಂತುಬಿಟ್ಟರು. "ನನ್ನ ಕಣ್ಣಿಗೆ ಹಸಿರು, ಕೆಂಪು ಎಲ್ಲ ಒಂದೇ ಕಣಪ್ಪಾ. ಬಣ್ಣದ ವಿಷಯ ನಮ್ಮ ಮನೆಯವಳೇ ಹೇಳ್ತಿದ್ದಳು. ಹೋದ ವರ್ಷ ತೀರಿಕೊಂಡಳು."

ಮೆಕ್ಯಾನಿಕ್ ಬಗ್ಗಿ ಬೋಲ್ಟಿನಡಿಯ ಬಣ್ಣವನ್ನು ತಾನೇ ನೋಡಿದ. ಆಮೇಲೆ ಎರಡನೇ ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದಿಟ್ಟ.

"ಇದೇ ಸಾರ್. ನಾನು ಹೇಳ್ತಿದ್ದೀನಲ್ಲ, ಹಚ್ಚಿ."