ಏಳನೆಯ ಹೊಲಿಗೆ

"ಈ ತೇಪೆನೇ ನಮ್ಮ ಕಂಪನಿಯ ಹೆಗ್ಗುರುತು," ಎಂದು ಸೇಲ್ಸ್‌ಮನ್ ಹುಡುಗಿಯ ಬೆನ್ನ ಮೇಲಿದ್ದ ಚೀಲವನ್ನು ತಟ್ಟಿದ. "ಐವತ್ತು ವರ್ಷದ ಹಿಂದೆ ನಮ್ಮ ಸ್ಥಾಪಕರು ಕೈಯಾರೆ ಹೊಲಿದ ಚೀಲದ ತದ್ರೂಪು ಇದು. ಚರ್ಮದ ತೇಪೆ, ಹನ್ನೊಂದು ಹೊಲಿಗೆ. ಬೆಟ್ಟದ ಏರಿಳಿತ ಕಾಣ್ಲಿ ಅಂತ ಬೇಕಂತಲೇ ಸೊಟ್ಟ ಹಾಕಿದ್ರು."

ಮೊದಲ ಸಲ ಚಾರಣಕ್ಕೆ ಹೊರಟಿದ್ದ ಹುಡುಗಿ ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡಳು. ಜೊತೆಗೆ ಬಂದಿದ್ದ ಅಜ್ಜಿ ಕನ್ನಡಕ ಏರಿಸಿ ತೇಪೆಯ ಮೇಲೆ ಬೆರಳಾಡಿಸಿದಳು. ಏಳನೆಯ ಹೊಲಿಗೆಯಲ್ಲಿ ಸಾಲು ಕುಸಿದು ಮತ್ತೆ ಮೇಲೆದ್ದಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಬೆಟ್ಟವೂ ಇಲ್ಲ, ಗುಡ್ಡವೂ ಇಲ್ಲ. ಕತ್ತರಿ ಜಾರಿ ಕ್ಯಾನ್ವಾಸ್ ಜೊತೆ ನನ್ನ ಹೆಬ್ಬೆರಳೂ ಕುಯ್ದಿತ್ತು. ಬಟ್ಟೆ ಸುತ್ಕೊಂಡೇ ತೇಪೆ ಹಾಕಿದೆ. ಏಳನೇದಕ್ಕೆ ಕೈ ನಡುಗ್ತು."

ಸೇಲ್ಸ್‌ಮನ್ ನಕ್ಕ. "ಅಜ್ಜಿ, ಅದು ಸ್ಥಾಪಕರೇ ಹೊಲಿದಿದ್ದು. ಕಂಪನಿ ಪುಸ್ತಕದಲ್ಲೇ ಇದೆ."

"ನಿಮ್ಮ ಸ್ಥಾಪಕರಿಗೆ ಸೂಜಿಗೆ ದಾರ ಪೋಣಿಸೋಕೂ ಬರ್ತಿರ್ಲಿಲ್ಲ."

ಅಜ್ಜಿ ಅಲ್ಲೇ ನಿಂತು ಹಳೆಯದೆಲ್ಲ ಹೇಳಿದಳು. ಹೆಬ್ಬೆರಳು ಕುಯ್ದ ಆ ಸಂಜೆ, ಈಗ ಸ್ಥಾಪಕನೆನಿಸಿಕೊಂಡ ಯಜಮಾನ ಕಾರ್ಖಾನೆಯ ಹದಿನಾಲ್ಕು ಹೆಂಗಸರ ಎದುರು ಚೀಲವನ್ನು ಎತ್ತಿ ತೋರಿಸಿ, ನೆಟ್ಟಗೆ ಹೊಲಿಯಲು ಬಾರದವಳು ಎಂದು ಅವಳಿಗೆ ಬಾಗಿಲು ತೋರಿಸಿದ್ದ. ಮಾರಲು ಬಾರದ ಆ ಚೀಲವನ್ನು ಪರ್ವತಾರೋಹಿಯೊಬ್ಬ ಪುಕ್ಕಟೆ ಕೇಳಿ ಒಯ್ದ. ಅವನು ಶಿಖರ ಹತ್ತಿ ಇಳಿದ, ಪತ್ರಿಕೆಗಳಲ್ಲಿ ಚೀಲದ ಚಿತ್ರ ಬಂತು, ಯಜಮಾನ ದೊಡ್ಡ ಮನುಷ್ಯನಾದ. ಇವಳನ್ನು ಮಾತ್ರ ಮತ್ತೆ ಯಾವ ಕಾರ್ಖಾನೆಯೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಮದುವೆಯಾಗಿ, ಮಕ್ಕಳಾಗಿ, ಮೊಮ್ಮಕ್ಕಳಾದರೂ ಗುಂಡಿ ಕಿತ್ತ ಅಂಗಿಯನ್ನು ಅವಳು ಯಾರ ಎದುರಿಗೂ ಹೊಲಿಯುತ್ತಿರಲಿಲ್ಲ. ಯಾಕೆಂದು ಮೊಮ್ಮಗಳಿಗೆ ಈಗ ತಿಳಿಯಿತು.

ಮುದುಕಿಯ ಜೊತೆ ವಾದ ಬೇಡವೆಂದು ಸೇಲ್ಸ್‌ಮನ್ ಹುಡುಗಿಯ ಕಡೆ ತಿರುಗಿದ. "ಗುಣಮಟ್ಟದ ಬಗ್ಗೆ ಯೋಚನೆನೇ ಬೇಡಮ್ಮ. ಒಂದೊಂದನ್ನೂ ಅಳತೆಪಟ್ಟಿ ಇಟ್ಟು ನೋಡ್ತಾರೆ. ಏಳನೇ ಹೊಲಿಗೆ ನೇರ ಬಂತು ಅಂದ್ರೆ ಆ ಚೀಲ ಅಂಗಡಿಗೇ ಬರಲ್ಲ."

"ಹೊಲಿದವಳು?" ಎಂದಳು ಅಜ್ಜಿ.

"ಯಾರು?"

"ನೇರವಾಗಿ ಹೊಲಿದವಳು. ಅವಳಿಗೇನು ಮಾಡ್ತೀರಿ?"

ಅವನು ಕೊರಳಪಟ್ಟಿ ಸರಿಮಾಡಿಕೊಂಡ. "ಒಂದೆರಡು ಸಲ ಹೇಳಿ ನೋಡ್ತಾರೆ. ಆಮೇಲೆ ಮನೆಗೆ ಕಳಿಸ್ತಾರೆ."

ಮೊಮ್ಮಗಳು ಚೀಲವನ್ನು ಬೆನ್ನಿಂದ ಇಳಿಸಿದಳು. ಅಜ್ಜಿ ಅದನ್ನು ತೆಗೆದುಕೊಂಡು, ತೇಪೆ ಕಾಣುವಂತೆ ಅವನ ಮುಂದಿಟ್ಟಳು.

"ಇದು ಬೇಡ. ಅವಳು ನೇರವಾಗಿ ಹೊಲಿದ ಚೀಲ ಇದ್ರೆ ತನ್ನಿ. ನಮ್ಮ ಹುಡುಗಿಗೆ ಅದೇ ಬೇಕು."