ಗುರುಗಳ ಅಳತೆ

"ನಿಮಗೆ ಮೊದಲೇ ಗೊತ್ತಿತ್ತಾ, ಬಾಪಕ್?" ಎಂದು ವೆನಿಂಗ್ ತನ್ನ ಗುರುಗಳನ್ನು ಕೇಳಿದಳು. ಪರೀಕ್ಷಕರಿಗೆಂದು ತಾನೇ ತಂದ ತಿಂಡಿ ಪೊಟ್ಟಣಗಳನ್ನು ಸಭಾಕೋಣೆಯ ಹೊರಗಿನ ಮೇಜಿನ ಮೇಲೆ ಜೋಡಿಸುತ್ತಿದ್ದವಳು ಹಾಗೇ ನಿಂತಿದ್ದಳು. ಇನ್ನೇನು ಅವಳ ಡಾಕ್ಟರೇಟಿನ ಮೌಖಿಕ ಪರೀಕ್ಷೆ.

ಮಾರ್ಗದರ್ಶಕ ಹಾರ್ಸೋನೋ ಪೊಟ್ಟಣವೊಂದನ್ನು ಬಿಚ್ಚಿ, ಬಾಳೆಲೆ ಸುತ್ತಿದ ಅಂಟನ್ನದ ಲೆಂಪೆರ್ ಕಡುಬನ್ನು ಎತ್ತಿಕೊಂಡರು. "ಏನು ಗೊತ್ತಿತ್ತಾ, ಕೂಸೇ?"

"ನಾನು ಕಂಡುಹಿಡಿದದ್ದು ಹೊಸದಲ್ಲ ಅಂತ."

ಐನ್‌ಸ್ಟೈನನ ಗುರುತ್ವ ಸಿದ್ಧಾಂತಕ್ಕೆ ಬಾಲವೊಂದನ್ನು ಜೋಡಿಸಿ ಹಾರ್ಸೋನೋ ತಮ್ಮದೇ ಪರ್ಯಾಯ ಸಿದ್ಧಾಂತ ಕಟ್ಟಿದ್ದರು. ಅದರ ಸಮೀಕರಣಗಳಿಗೆ ನಿಖರ ಉತ್ತರ ಸಿಕ್ಕಿದೆ, ಯಾರೂ ಕಾಣದ ಕಪ್ಪುಕುಳಿ ಅದು ಎಂದು ವೆನಿಂಗ್ ಪ್ರಬಂಧ ಬರೆದಿದ್ದಳು. ಅವರ ಶಿಷ್ಯರಲ್ಲಿ ಯಾರೇ ಲೆಕ್ಕಕ್ಕೆ ಕೂತರೂ ಕುಳಿಯ ನಡುವಿನಿಂದ ದೂರವನ್ನು ಹಾರ್ಸೋನೋ ಹೇಳಿಕೊಟ್ಟ ವಿಚಿತ್ರ ಬಗೆಯಲ್ಲೇ ಅಳೆಯಬೇಕು. ಅದಕ್ಕೆ ಗುರುಗಳ ಅಳತೆ ಎಂದೇ ಹೆಸರು. ಬದಲಿಸುವುದೆಂದರೆ ಹಿರಿಯರ ಮುಂದೆ ಕಾಲು ಚಾಚಿದ ಹಾಗೆ. ನಿನ್ನೆ ಅವಳು ಬರೀ ಕುತೂಹಲಕ್ಕೆ, ಜಗತ್ತೆಲ್ಲ ಬಳಸುವ ಸಾದಾ ಅಳತೆಗೆ ಬದಲಿಸಿ ನೋಡಿದ್ದಳು. ಹೊಸ ಸಿದ್ಧಾಂತದ ಕೊಡುಗೆ ಎಂದುಕೊಂಡಿದ್ದ ತುಣುಕುಗಳೆಲ್ಲ ಒಂದನ್ನೊಂದು ನುಂಗಿಕೊಂಡವು. ವೇಷ ಕಳಚಿ ಹೊರಬಂದದ್ದು ಪಠ್ಯಪುಸ್ತಕದ ಅದೇ ಮುದಿ ಕಪ್ಪುಕುಳಿ.

"ಯಾರು ಬದಲಿಸಿ ನೋಡೋಕೆ ಹೋಗ್ತಾರೆ?" ಹಾರ್ಸೋನೋ ಅಗಿಯುತ್ತಲೇ ಅಂದರು. "ಒಳಗಿರೋ ಪರೀಕ್ಷಕಿ ಮುರ್ತಿನಿ ನನ್ನ ಮೊದಲನೇ ಶಿಷ್ಯೆ. ಡಿಗ್ರಿ ತಗೋ, ಒಂದು ಕಡೆ ಕೆಲಸಕ್ಕೆ ಸೇರ್ಕೋ. ಸತ್ಯ ಎಲ್ಲಿಗೆ ಓಡಿಹೋಗುತ್ತೆ?"

"ಯಾವಾಗಿಂದ ಗೊತ್ತು ನಿಮಗೆ?"

"ತಲೆಕೂದಲು ಕಪ್ಪಗಿದ್ದಾಗಿಂದ." ಅವರು ನಕ್ಕರು.

ಅವಳ ಹರೆಯವನ್ನೆಲ್ಲ ತೂತು ಕೊಡದಲ್ಲಿ ನೀರು ಸೇದಲು ಹಚ್ಚಿ, ದಂಡೆಯ ಮೇಲೆ ಕೂತು ನೋಡುತ್ತಿದ್ದ ಮನುಷ್ಯ! ವೆನಿಂಗಳ ಕಿವಿ ಕಾದ ಹಂಚಾಯಿತು. ಆದರೆ ಜೋಗ್ಜಾ ಊರಿನಲ್ಲಿ ಹುಟ್ಟಿದವರಿಗೆ ಸಿಟ್ಟು ಏರಿದಷ್ಟೂ ದನಿ ಇಳಿಯುತ್ತದೆ. "ತಾವು ನಿಧಾನವಾಗಿ ಮುಗಿಸಿಕೊಂಡು ಒಳಗೆ ದಯಮಾಡಿಸಬೇಕು, ಬಾಪಕ್," ಎಂದಳು. "ತಮ್ಮ ಅಂಗಿಗೆ ಅನ್ನ ಅಂಟಿದೆ."

ಹಾರ್ಸೋನೋ ನಗುವುದನ್ನು ನಿಲ್ಲಿಸಿದರು.

ಒಳಗೆ ಅವಳು ಪ್ರಬಂಧವನ್ನು ತೆರೆಯಲೇ ಇಲ್ಲ. ಬೋರ್ಡಿನ ಮೇಲೆ ಮೊದಲು ತನ್ನ ಉತ್ತರ, ಅದರ ಕೆಳಗೆ ಅಳತೆ ಬದಲಿಸುವ ಒಂದೇ ಸಾಲು, ಅದರ ಕೆಳಗೆ ಪಠ್ಯಪುಸ್ತಕದ ಹಳೆಯ ಉತ್ತರ ಬರೆದಳು. ಸೀಮೆಸುಣ್ಣ ಮುರಿಯಿತು. ಉಳಿದ ತುಂಡಿನಿಂದಲೇ ಅಡಿಗೆರೆ ಎಳೆದಳು.

"ಅಳತೆ ಯಾಕೆ ಬದಲಾಯಿಸಿದೆ?" ಮುರ್ತಿನಿ ಕೇಳಿದರು.

"ನಾನು ಬದಲಾಯಿಸಿದ್ದು ಕನ್ನಡಿ, ಇಬು. ಮುಖ ಯಾರದು ಅಂತ ತಾವೇ ಹೇಳಬೇಕು," ವೆನಿಂಗ್ ಹಿರಿಯಳಿಗೆ ಸಲ್ಲುವ ಗೌರವದಿಂದಲೇ ಅಂದಳು.

ಮುರ್ತಿನಿ ಬೋರ್ಡನ್ನು ಮೇಲಿನಿಂದ ಕೆಳಗೆ ಓದಿದರು. ಕನ್ನಡಕ ತೆಗೆದು ಸೆರಗಿನ ಹಾಗಿದ್ದ ಶಾಲಿನಲ್ಲಿ ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. "ನನ್ನ ಡಾಕ್ಟರೇಟೂ ಇದೇ ಅಳತೇಲಿ ಆಗಿದ್ದು," ಎಂದರು, ಯಾರಿಗೂ ಅಲ್ಲ ಎಂಬಂತೆ. ಒಳಗೆ ಬಂದು ಕೂತಿದ್ದ ಹಾರ್ಸೋನೋ ಕಿಟಕಿಯಾಚೆ ನಿಂತಿದ್ದ ಬೈಕುಗಳ ಸಾಲನ್ನೇ ನೋಡುತ್ತಿದ್ದರು.

"ಪಾಸು ಮಾಡೋಣ," ಮುರ್ತಿನಿ ಕೊನೆಗೆ ಅಂದರು. "ಆದ್ರೆ ಮೊದಲು ಅದನ್ನ ಒರೆಸಿಬಿಡು, ಕೂಸೇ. ಮುಂದಿನ ಸರದಿ ನನ್ನ ಶಿಷ್ಯೇದು, ಅವಳದೂ ಇದೇ ಅಳತೆ. ಹೊರಗೆ ಕಾಯ್ತಾ ಇದಾಳೆ."

"ಒರೆಸದಿದ್ದರೆ?"

"ಮೂರು ತಲೆಮಾರಿನ ಮನೆ ಮುರಿಯುತ್ತೆ. ನಿಂದೂ ಸೇರಿ."

ವೆನಿಂಗ್ ಡಸ್ಟರನ್ನು ಎತ್ತಿಕೊಂಡಳು. ಹಿರಿಯರ ಮುಂದೆ ಹಾಯುವಾಗ ಬಾಗುವಷ್ಟೇ ಬಾಗಿ, ಎರಡೂ ಕೈಯಿಂದ ಅದನ್ನು ಹಾರ್ಸೋನೋ ಅವರ ಮಡಿಲಲ್ಲಿಟ್ಟಳು. ಆಮೇಲೆ ಹೋಗಿ ಬಾಗಿಲನ್ನು ಅಗಲಕ್ಕೆ ತೆರೆದಳು.

ಹೊರಗೆ ನಿಂತಿದ್ದ ಹುಡುಗಿ ತಲೆಯೆತ್ತಿ ಬೋರ್ಡು ಓದತೊಡಗಿದಳು.