ತೋಳಿನ ಮೇಲಿನ ಎರಡಕ್ಷರ

ಟವೆಲ್ ಜಾರಿದಾಗ ತುಳಸಿಯ ಕಣ್ಣಿಗೆ ಬಿತ್ತು. ಗಂಡನ ತೋಳಿನ ಮೇಲೆ ಹದಿನೆಂಟು ವರ್ಷದಿಂದ ಮಾಸಿಕೊಂಡಿದ್ದ ಹಚ್ಚೆ ಈಗ ಕೆಂಪಗೆ ಉಬ್ಬಿ ನಿಂತಿತ್ತು. ಎರಡೇ ಅಕ್ಷರ: ಲೀಲಾ.

"ಮತ್ತೆ ಬರೆಸ್ಕೊಂಡು ಬಂದ್ರಾ?"

"ಹುಚ್ಚಾ ನಿಂಗೆ? ತಾನಾಗೇ ಉಬ್ಬಿದೆ," ಎಂದ ಶ್ಯಾಮಸುಂದರ.

ಹೆಸರು ತಾನಾಗೇ ಉಬ್ಬುತ್ತದಂತೆ! ಲೀಲಾ ಅವನ ಕಾಲೇಜಿನ ಕಾಲದ ಹುಡುಗಿ. ಈ ವರ್ಷ, 2007ರಲ್ಲಿ, ಐಟಿ ಕಂಪನಿಯ ಮ್ಯಾನೇಜರಾಗಿ ಇದೇ ಕೋಲ್ಕತ್ತಾದ ನ್ಯೂ ಟೌನಿಗೆ ಬಂದಿಳಿದಿದ್ದಳು. ಕನ್ನಡ ಸಂಘದ ಯುಗಾದಿ ಊಟಕ್ಕೆ ಎದುರು ಪಂಕ್ತಿಯಲ್ಲೇ ಕೂತಿದ್ದಳು. ಅಂದಿನಿಂದ ಇವನ ಲಕ್ಷಣವೇ ಬೇರೆ. ರೈಲ್ವೆ ಆಫೀಸಿನಿಂದ ಬಂದವನು ಮೆಟ್ಟಿಲ ನಡುವೆ ಎದೆ ಹಿಡಿದು ನಿಲ್ಲುತ್ತಿದ್ದ. ದಕ್ಷಿಣೇಶ್ವರದ ದೋಣಿಯಲ್ಲಿ ಎರಡು ಸಲ ಕರೆದರೂ ಅವನಿಗೆ ಕೇಳಿಸಿರಲಿಲ್ಲ. ಊಟವೂ ಸೇರುತ್ತಿರಲಿಲ್ಲ. ತನಗಾಗಿ ಇವನು ಒಂದು ಹೊತ್ತಾದರೂ ಊಟ ಬಿಟ್ಟವನೇ?

ಇಲ್ಲಿ ಕನ್ನಡ ಲಿಪಿ ಓದುವವರಿಲ್ಲ. ಹಚ್ಚೆ ಏನೆಂದು ಕೇಳಿದವರಿಗೆಲ್ಲ ಅವನು "ನಮ್ಮ ಮನೆದೇವರ ಹೆಸರು" ಎನ್ನುತ್ತಿದ್ದ. ಪಕ್ಕದ ಮನೆಯ ಬಂಗಾಳಿ ಹೆಂಗಸು ಒಮ್ಮೆ ಅದಕ್ಕೆ ಕೈ ಮುಗಿದದ್ದನ್ನು ತುಳಸಿ ಇನ್ನೂ ಮರೆತಿರಲಿಲ್ಲ.

"ಇದನ್ನ ಸುಡಿಸಿ. ಇಲ್ಲಾಂದ್ರೆ ನಾನು ಮೈಸೂರಿಗೆ ಹೋಗ್ತೀನಿ. ವಾಪಸ್ ಬರಲ್ಲ."

ಪಾರ್ಕ್ ಸ್ಟ್ರೀಟಿನ ಚರ್ಮವೈದ್ಯ ಲಾಹಿರಿ, ಹಚ್ಚೆ ಅಳಿಸುವ ಲೇಸರ್ ಆಮೇಲೆ ಎಂದು ಅಕ್ಷರದ ಅಂಚಿನಿಂದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ವಾರ ಬಿಟ್ಟು ವರದಿ ಓದಿದವರು ಹಚ್ಚೆಯ ಮಾತೇ ಎತ್ತಲಿಲ್ಲ. ತಲೆ ಸುತ್ತುತ್ತದೆಯೇ? ಎದೆಬಡಿತ ತಪ್ಪುತ್ತದೆಯೇ?

"ಎಲ್ಲಾ ಇದೆ. ಯುಗಾದಿಯಿಂದ," ಎಂದಳು ತುಳಸಿ, ಹಲ್ಲು ಕಚ್ಚಿ.

ಡಾಕ್ಟರು ಅಲ್ಲೇ ಇಸಿಜಿ ತೆಗೆಸಿದರು. ಸಂಜೆಯೊಳಗೆ ಶ್ಯಾಮಸುಂದರ ಆಸ್ಪತ್ರೆಯಲ್ಲಿದ್ದ. ಮರುದಿನ ಅವನ ಎದೆಗೆ ಪೇಸ್‌ಮೇಕರ್ ಕೂರಿಸಿದರು.

"ಸಾರ್ಕಾಯ್ಡೋಸಿಸ್," ಎಂದು ಲಾಹಿರಿ ಹಿಂದಿಯಲ್ಲಿ ಬಿಡಿಸಿ ಹೇಳಿದರು. "ಮೈಯಲ್ಲಿ ಅಲ್ಲಲ್ಲಿ ಸಣ್ಣ ಗಂಟು ಕಟ್ಟೋ ಕಾಯಿಲೆ. ಹೆಚ್ಚಾಗಿ ಶ್ವಾಸಕೋಶಕ್ಕೆ ಬರುತ್ತೆ. ಇವರದ್ದು ಚೊಕ್ಕವಾಗಿದೆ. ಹೃದಯದಲ್ಲಿ ಗಂಟು ಕಟ್ಟಿ ಬಡಿತ ತಡೀತಿತ್ತು. ಹಳೇ ಹಚ್ಚೆ ಹೀಗೆ ಉಬ್ಬೋದೂ ಅದರದ್ದೇ ಗುರುತು. ಅದೊಂದು ಇಲ್ಲದಿದ್ದರೆ ನಮಗೆ ಗೊತ್ತಾಗೋ ಮೊದಲೇ ಇವರು ನಿಂತಲ್ಲೇ ಹೋಗಿಬಿಡಬಹುದಿತ್ತು. ಲೇಸರ್ ಬೇಡ. ಮಾತ್ರೆಗೆ ಇಳಿಯುತ್ತೆ. ದಿನಾ ಮುಟ್ಟಿ ನೋಡ್ತಿರಿ, ಮತ್ತೆ ಉಬ್ಬಿದ ದಿನ ಓಡಿ ಬನ್ನಿ."

ತುಳಸಿ ಮಂಚದ ಅಂಚಿಗೆ ಕೂತು, ಮಲಗಿದ್ದ ಗಂಡನ ತೋಳು ಹಿಡಿದು ಅತ್ತಳು.

"ಅಂದಹಾಗೆ, ಯಾರ ಹೆಸರಿದು?" ಎಂದು ಡಾಕ್ಟರು ಕೇಳಿದರು.

ತುಳಸಿ ಕಣ್ಣೊರೆಸಿಕೊಂಡು, "ನಮ್ಮ ಮನೆದೇವರದ್ದು," ಎಂದಳು.